ಹೊಲಿಗೆ ದೇವರು ಕೊಟ್ಟ ವರ ಅಂತೆ, ಹಾಗಾದ್ರೆ ಕೂಲಿ ಕೇಳಬಾರದಾ?

ಸೂಜಿದಾರ_ಹಾಸನ (ರಾತ್ರಿ 9:12)
ಎಲ್ಲರಿಗೂ ಕ್ರಿಸ್ತನಲ್ಲಿ ವಂದನೆಗಳು. ಇಷ್ಟು ದಿನ ಸುಮ್ನೆ ಓದಿಕೊಂಡು ಹೋಗುತ್ತಿದ್ದೆ, ಇವತ್ತು ಬರೆಯದೆ ಇರೋಕೆ ಆಗಲಿಲ್ಲ. ಸ್ವಲ್ಪ ಉದ್ದ ಆಗುತ್ತೆ, ಬೇಜಾರು ಮಾಡಿಕೊಳ್ಳಬೇಡಿ.

ಸಾಲಗಾಮೆ ರಸ್ತೆ ಕಡೆ ನನ್ನದೊಂದು ಸಣ್ಣ ಟೈಲರಿಂಗ್ ಅಂಗಡಿ ಇದೆ. 14 ವರ್ಷ ಆಯ್ತು. ಬ್ಲೌಸು, ಚೂಡಿದಾರ್, ಫಾಲ್, ಜಿಗ್‌ಜಾಗ್, ಜೂನ್ ಬಂತು ಅಂದ್ರೆ ಶಾಲೆ ಯೂನಿಫಾರ್ಮು. ಮನೆ ನಡೆಯುವುದು ಇದರಲ್ಲೇ. ಹೋದ ಕ್ರಿಸ್ಮಸ್‌ಗೆ ನಮ್ಮ ಸಭೆಯ, ಅಂದ್ರೆ ಚರ್ಚಿನ, ಮಕ್ಕಳ ನಾಟಕಕ್ಕೆ 22 ದೇವದೂತರ ಬಟ್ಟೆ ಹೊಲಿದುಕೊಟ್ಟೆ. ಬಿಳಿ ಸ್ಯಾಟಿನ್. ಸ್ಯಾಟಿನ್ ಹೊಲಿದವರಿಗೆ ಗೊತ್ತು, ಅದು ಮೀನಿನ ಹಾಗೆ ಜಾರುತ್ತೆ. ಕತ್ತರಿ ಇಡುವುದರೊಳಗೆ ಅಳತೆ ಪಕ್ಕಕ್ಕೆ ಹೋಗಿರುತ್ತೆ. ಕಮಿಟಿಯವರು ತಂದ ಬಟ್ಟೆ 4 ಮೀಟರ್ ಕಡಿಮೆ ಬಿತ್ತು, ನಾನೇ ಕೈಯಿಂದ ತಂದೆ. ಎಂಟು ರಾತ್ರಿ ಒಂದು ಗಂಟೆವರೆಗೂ ಕೂತೆ. ಕೂಲಿ ಕೇಳಲಿಲ್ಲ, ಕೇಳಬೇಕು ಅನ್ನಿಸಲೂ ಇಲ್ಲ. ಖುಷಿಯಾಗೇ ಮಾಡಿದೆ.

ಜನವರಿಯಲ್ಲಿ ವರದಿ ಓದಿದರು. ಮೈಕ್ ಸೆಟ್‌ನವರಿಗೆ ಹೆಸರು ಹೇಳಿ ಧನ್ಯವಾದ, ಶಾಲು. ಅವರಿಗೆ ಎಂಟು ಸಾವಿರ ಬಾಡಿಗೆಯೂ ಕೊಟ್ಟಿದ್ದರು. ನಾನು "ಮತ್ತು ಸಹಕರಿಸಿದ ಸಹೋದರಿಯರಿಗೂ" ಅನ್ನೋದರ ಒಳಗೆ ಇದ್ದೆ. ಹೋಗಲಿ ಬಿಡು ಅಂದುಕೊಂಡೆ.

ಈಗ ಹೊಸದಾಗಿ ಬಂದಿದ್ದಾರೆ. ಗಾಯನ ತಂಡಕ್ಕೆ 26 ನಿಲುವಂಗಿ, ಕಾಲರ್‌ಗೆ ಕ್ಯಾನ್ವಾಸ್, ಮುಂದೆ ಗುಂಡಿ ಪಟ್ಟಿ. ಬಟ್ಟೆ ನಾವು ಕೊಡುತ್ತೇವೆ, ಹೊಲಿಗೆ ನಿಮ್ಮದು ಅಂತ. ಡಿಸೆಂಬರ್ ನನಗೆ ಮದುವೆ ಬ್ಲೌಸಿನ ಕಾಲ. ಅರ್ಧ ಕೂಲಿ ಆದ್ರೂ ಕೊಡ್ತೀರಾ ಅಂತ ಮೆಲ್ಲಗೆ ಕೇಳಿದೆ. "ಅಕ್ಕಾ, ಇದು ದೇವರು ನಿಮಗೆ ಕೊಟ್ಟ ವರ ಅಲ್ವಾ, ವರಕ್ಕೆ ಬೆಲೆ ಕಟ್ತಾರಾ" ಅಂದುಬಿಟ್ಟರು. ಆವತ್ತಿಂದ ಮಿಷನ್ ತುಳಿಯುವಾಗೆಲ್ಲ ಅದೇ ಮಾತು ಕಿವಿಯಲ್ಲಿ. ನಿಜ ಹೇಳಿ, ಕೇಳಿದ್ದು ತಪ್ಪಾ?

ಆಲೂಮಂಡಿ (ರಾತ್ರಿ 9:20)
ತಪ್ಪಿಲ್ಲ ಅಕ್ಕ. ಮೈಕ್‌ನವರಿಗೆ ಎಂಟು ಸಾವಿರ, ನಿಮಗೆ ವಚನ. ಚೆನ್ನಾಗಿದೆ ಲೆಕ್ಕ.

ಸಾಕ್ಷಿ_ಚಿಕ್ಕಮಗಳೂರು (ರಾತ್ರಿ 9:31)
ಸಹೋದರಿ, ನೋವಾಗಬಾರದು ಅಂತಲೇ ಹೇಳುತ್ತಿದ್ದೇನೆ. "ಉಚಿತವಾಗಿ ಹೊಂದಿದ್ದೀರಿ, ಉಚಿತವಾಗಿ ಕೊಡಿರಿ", ಮತ್ತಾಯ 10:8. ಬೈಬಲಿನ ಬಡ ವಿಧವೆ ದೇವಾಲಯದ ಕಾಣಿಕೆ ಪೆಟ್ಟಿಗೆಗೆ ತನ್ನಲ್ಲಿದ್ದ ಎರಡು ಕಾಸು ಹಾಕಿದಳು, ನನಗೆ ಮನೆ ಖರ್ಚಿದೆ ಅನ್ನಲಿಲ್ಲ. ದೇವರ ಹತ್ತಿರ ಲೆಕ್ಕ ಹಾಕಿದರೆ ಆಶೀರ್ವಾದವೂ ಲೆಕ್ಕಕ್ಕೆ ತಕ್ಕಂತೆ ಬರುತ್ತೆ. ಹೆಸರು ಹೇಳಲಿಲ್ಲ ಅನ್ನೋ ಬೇಜಾರು ಬೇರೆ. ಬಲಗೈ ಕೊಟ್ಟದ್ದು ಎಡಗೈಗೆ ಗೊತ್ತಾಗಬಾರದು ಅಂತ ಬರೆದಿಲ್ವಾ?

ತೋಟದ_ರೈಟರ್ (ರಾತ್ರಿ 9:44)
ಸಾಕ್ಷಿ ಬ್ರದರ್, ಅದೇ ಅಧ್ಯಾಯ, ಎರಡೇ ವಚನ ಕೆಳಗೆ ಬನ್ನಿ. ಮತ್ತಾಯ 10:10. ಕೆಲಸ ಮಾಡುವವನಿಗೆ ಅವನ ಊಟ ಸಲ್ಲಬೇಕು ಅಂತ ಇದೆ. ಲೂಕ 10:7ರಲ್ಲಿ ಇನ್ನೂ ನೇರ, ಕೂಲಿ ಅನ್ನೋ ಪದವೇ ಇದೆ. ಅರ್ಧ ವಚನ ತೋರಿಸಿ ಪೂರ್ತಿ ಕೆಲಸ ಮಾಡಿಸಿಕೊಳ್ಳಬಾರದು.

ಇನ್ನು ವಿಧವೆ ವಿಷಯ. ಅವಳು ಹಾಕಿದಳು ನಿಜ. ಅವಳ ಹತ್ತಿರ ಹೋಗಿ "ಹಾಕಮ್ಮ" ಅಂತ ಯಾರೂ ಕೇಳಿರಲಿಲ್ಲ, ಅದೂ ನಿಜ.

ಸಾಕ್ಷಿ_ಚಿಕ್ಕಮಗಳೂರು (ರಾತ್ರಿ 9:50)
10:10 ಸುವಾರ್ತೆ ಸಾರುವವರ ಬಗ್ಗೆ, ಟೈಲರ್ ಬಗ್ಗೆ ಅಲ್ಲ.

ತೋಟದ_ರೈಟರ್ (ರಾತ್ರಿ 9:52)
ಹಾಗಾದ್ರೆ 10:8 ಕೂಡ ಅವರ ಬಗ್ಗೆಯೇ ಅಲ್ವಾ? ರೋಗಿಗಳನ್ನು ಗುಣಪಡಿಸಿ, ದೆವ್ವ ಬಿಡಿಸಿ ಅಂತ ಹೇಳಿದ ಮೇಲೆ ಬರುವ ಮಾತು ಅದು. ಕಾಲರ್ ಕ್ಯಾನ್ವಾಸ್ ಅಲ್ಲೂ ಇಲ್ಲ.

ಕೊಪ್ಪದ_ಬಾಯಿ (ರಾತ್ರಿ 10:03)
ನಾವು ಕಥೋಲಿಕರು, ನಮ್ಮಲ್ಲೂ ಇದೇ ಕಥೆ. ಟೈಲರ್ ಅಂದ ಕೂಡಲೇ ಎಲ್ಲರಿಗೂ ಬೈಬಲಿನಲ್ಲಿ ಬಟ್ಟೆ ಹೊಲಿದುಕೊಡುತ್ತಿದ್ದ ದೊರ್ಕಳ ನೆನಪು ಬರುತ್ತೆ. ಅವಳ ಹಾಗೆ ಆಗಿ ಅಂತ ಉಪದೇಶ. ಸರಿ, ಅಪೊಸ್ತಲರ ಕೃತ್ಯಗಳು 9 ತೆಗೆದು ನೋಡಿ. ಯೊಪ್ಪದಲ್ಲಿ ಅವಳು ಸತ್ತಾಗ ಪೇತ್ರನ ಸುತ್ತ ನಿಂತು ಅತ್ತವರು ಯಾರು? ವಿಧವೆಯರು. ಅವಳು ಹೊಲಿದ ಅಂಗಿಗಳನ್ನು ತೋರಿಸಿ ತೋರಿಸಿ ಅತ್ತರು. ದೊರ್ಕಳು ಬಟ್ಟೆ ಇಲ್ಲದವರಿಗೆ ಹೊಲಿದಳು, ಬೀರುವಿನಲ್ಲಿ ನಾಲ್ಕು ಜೊತೆ ಇರುವ ಗಾಯನ ತಂಡಕ್ಕೆ ಅಲ್ಲ.

ಸೂಜಿದಾರ_ಹಾಸನ (ರಾತ್ರಿ 10:06)
ಅಯ್ಯೋ ಬಾಯಮ್ಮ, ಇಷ್ಟು ವರ್ಷ ಈ ಮಾತು ಯಾಕೆ ಹೊಳೆಯಲಿಲ್ಲ ನನಗೆ.

ಖಜಾಂಚಿ_ಪಾಪ (ರಾತ್ರಿ 10:15)
ಎಲ್ಲರೂ ಕಮಿಟಿಗೆ ಬೈಯುವ ಮೊದಲು ನನ್ನ ಮಾತೂ ಕೇಳಿ. ಅಕ್ಕನ ಸಭೆ ನನಗೆ ಗೊತ್ತಿಲ್ಲ, ನಮ್ಮದು ಬೇರೆ. ಆದ್ರೆ ಆರು ವರ್ಷದಿಂದ ಲೆಕ್ಕ ಬರೆಯುತ್ತಿದ್ದೇನೆ. 80 ಮನೆ, ಅದರಲ್ಲಿ ಅರ್ಧ ಕೂಲಿ ಕೆಲಸದವರು. ಕರೆಂಟ್ ಬಿಲ್, ಹೆಂಚು ರಿಪೇರಿ, ಅಯ್ಯನವರ (ಪಾದ್ರಿಯವರ) ಸಂಬಳದ ಪಾಲು ಕಳೆದರೆ ಕೈಯಲ್ಲಿ ಉಳಿಯುವುದು ಚಿಲ್ಲರೆ. ಮೈಕ್‌ನವನಿಗೆ ಯಾಕೆ ಕೊಡ್ತೀವಿ ಗೊತ್ತಾ? ಅವನು ಹೊರಗಿನವನು, ಕೊಡದಿದ್ರೆ ವಯರ್ ಸುತ್ತಿಕೊಂಡು ಹೋಗ್ತಾನೆ. ಒಳಗಿನವರ ಹತ್ತಿರ ಸಲಿಗೆ ಜಾಸ್ತಿ. ಸಲಿಗೆ ತಪ್ಪಾಗಿ ಬಳಕೆ ಆಗುತ್ತೆ, ಒಪ್ಪುತ್ತೇನೆ. ಮೋಸ ಮಾಡಬೇಕು ಅಂತ ಯಾರೂ ಮಾಡಲ್ಲ.

ಅಂದ ಹಾಗೆ ನನಗೂ ಯಾರೂ ಧನ್ಯವಾದ ಹೇಳಿಲ್ಲ. ಲೆಕ್ಕದಲ್ಲಿ 40 ರೂಪಾಯಿ ವ್ಯತ್ಯಾಸ ಬಂದಾಗ ಮಾತ್ರ ನನ್ನ ಹೆಸರು ಎಲ್ಲರಿಗೂ ಗೊತ್ತಾಗಿತ್ತು.

ಆಲೂಮಂಡಿ (ರಾತ್ರಿ 10:19)
ಹ್ಹ ಹ್ಹ ಖಜಾಂಚಿಯವರೇ, ಆ 40 ರೂಪಾಯಿ ಸಿಕ್ಕಿತಾ?

ಖಜಾಂಚಿ_ಪಾಪ (ರಾತ್ರಿ 10:20)
ಇಲ್ಲ. ನಾನೇ ಹಾಕಿದೆ.

ನೈಟ್‌ಡ್ಯೂಟಿ (ರಾತ್ರಿ 11:48)
ಡ್ಯೂಟಿ ಮಧ್ಯೆ ಬರೆಯುತ್ತಿದ್ದೇನೆ. ನಾನು ನರ್ಸ್. ನನ್ನ ಕೈಗೆ ಒಂದು ಗುಣ ಇದೆ. ಪುಟ್ಟ ಮಕ್ಕಳಿಗೆ ನರ ಸಿಗುತ್ತಿಲ್ಲ ಅಂದ್ರೆ ಬೇರೆ ವಾರ್ಡಿನಿಂದಲೂ ನನ್ನನ್ನೇ ಕರೆಯುತ್ತಾರೆ. ಬೆರಳಿನಲ್ಲಿ ಮೆಲ್ಲಗೆ ಒತ್ತಿ ನೋಡುತ್ತೇನೆ, ಕಣ್ಣಿಗೆ ಕಾಣದಿದ್ರೂ ಬೆರಳಿಗೆ ಗೊತ್ತಾಗುತ್ತೆ. ಸೂಜಿ ಹಾಕುವ ಮುಂಚೆ ಒಂದು ಸಣ್ಣ ಪ್ರಾರ್ಥನೆ, ಅಷ್ಟೇ. ಇದು ವರ ಅಂತ ನಾನು ನಂಬುತ್ತೇನೆ. ತಿಂಗಳಿಗೆ ಸಂಬಳವೂ ತಗೊಳ್ಳುತ್ತೇನೆ. ನಮ್ಮ ಹಾಸನದ ರೆಡ್‌ಫರ್ನ್ ಆಸ್ಪತ್ರೆ ಶುರು ಮಾಡಿದ್ದೇ ವೆಸ್ಲಿಯನ್ ಮಿಷನ್‌ನವರು, ಅಂಥ ಮಿಷನ್ ಆಸ್ಪತ್ರೆಗಳಲ್ಲೂ ನರ್ಸ್‌ಗೆ ಸಂಬಳ ಇದ್ದೇ ಇದೆ. ಯಾರೂ ನನಗೆ "ಸಿಸ್ಟರ್, ಇದು ವರ, ಬಿಟ್ಟಿ ಮಾಡಿ" ಅಂದಿಲ್ಲ. ಟೈಲರ್‌ಗೆ ಯಾಕೆ ಅಂತಾರೆ? ಹೆಂಗಸರು ಮನೆಯಲ್ಲೂ ಹೊಲಿಯುತ್ತಾರೆ, ಅದೇನು ದೊಡ್ಡ ಕೆಲಸ ಅನ್ನೋ ಸಸಾರ. ಅಡಿಗೆಯವರಿಗೂ ಇದೇ ಗತಿ.

ಇರಿ, ಬೆಲ್ ಆಗ್ತಿದೆ.

ನಿವೃತ್ತ_ಮೇಷ್ಟ್ರು_ಬೇಲೂರು (ಬೆಳಿಗ್ಗೆ 6:05)
ರಾತ್ರಿಯೆಲ್ಲ ಜಗಳ ಆಡಿದ್ದೀರಿ, ಬೆಳಿಗ್ಗೆ ಎದ್ದು ಕಾಫಿ ಜೊತೆ ಓದಿದೆ. ಮೂರು ಮಾತು ಇದೆ ನನ್ನದು.

ಬೈಬಲಿನಲ್ಲಿ ಒಬ್ಬನನ್ನು ದೇವರ ಆತ್ಮದಿಂದ ತುಂಬಿಸಿದ್ದೇನೆ ಅನ್ನೋ ಮಾತು ಮೊದಲು ಬರುವುದು ಯಾರ ಬಗ್ಗೆ ಗೊತ್ತಾ? ಪ್ರವಾದಿ ಅಲ್ಲ, ಯಾಜಕ ಅಲ್ಲ, ಹಾಡುವವನೂ ಅಲ್ಲ. ಬೆಚಲೇಲ ಅನ್ನುವ ಕುಶಲಕರ್ಮಿ. ವಿಮೋಚನಕಾಂಡ 31. ಚಿನ್ನ ಬೆಳ್ಳಿ ತಾಮ್ರದ ಕೆಲಸ, ಕಲ್ಲು ಕೆತ್ತುವುದು, ಮರಗೆಲಸ ಎಲ್ಲ ಬಲ್ಲವನು. ಅವನ ಜೊತೆ ಒಹೊಲೀಯಾಬ, ಅವನು ಕಸೂತಿ ನೇಯ್ಗೆಯಲ್ಲಿ ಗಟ್ಟಿಗ. ಅಂದ್ರೆ ಸೂಜಿದಾರದವರ ಹಿರಿಯ ಅನ್ನಿ. ಅಲ್ಲಿ ದೇವರು ಹೇಳುವ ಮಾತು ಏನು? ಅವನನ್ನು ಹೆಸರು ಹಿಡಿದು ಕರೆದಿದ್ದೇನೆ ಅಂತ. "ಸಹಕರಿಸಿದ ಸಹೋದರರು" ಅಂತ ಅಲ್ಲ.

ಎರಡನೆಯದು ಕೂಲಿ. 2 ಅರಸುಗಳು 12. ರಾಜ ಯೋವಾಷನ ಕಾಲದಲ್ಲಿ ದೇವಾಲಯದ ರಿಪೇರಿ. ಪೆಟ್ಟಿಗೆಯಲ್ಲಿ ಬಿದ್ದ ಹಣ ತೂಕ ಮಾಡಿ ಬಡಗಿಗಳಿಗೆ, ಗಾರೆಯವರಿಗೆ, ಕಲ್ಲುಕುಟಿಗರಿಗೆ ಕೊಟ್ಟರು. ದೇವರ ಮನೆಯ ಕೆಲಸಕ್ಕೇ ಕೂಲಿ! ಅದನ್ನು ಹಂಚುವ ಮೇಸ್ತ್ರಿಗಳ ಹತ್ತಿರ ಲೆಕ್ಕವನ್ನೂ ಕೇಳಲಿಲ್ಲವಂತೆ, ಅಷ್ಟು ನಂಬಿಗಸ್ತರು ಅಂತ.

ಮೂರನೆಯದು ನನಗೆ ತುಂಬಾ ಇಷ್ಟ. ವಿಮೋಚನಕಾಂಡ 36. ದೇವರ ಗುಡಾರ ಕಟ್ಟೋಕೆ ಅಂತ ಜನ ಬೆಳಿಗ್ಗೆ ಬೆಳಿಗ್ಗೆ ಕಾಣಿಕೆ ತಂದು ಸುರಿದು ಸುರಿದು, ಕೊನೆಗೆ ಕೆಲಸಗಾರರೇ ಹೋಗಿ "ಬೇಕಾದ್ದಕ್ಕಿಂತ ಜಾಸ್ತಿ ಆಯ್ತು" ಅಂದರು. ಮೋಶೆ ಪಾಳೆಯದಲ್ಲೆಲ್ಲ ಸಾರಿಸಿದ, ಇನ್ನು ಸಾಕು ತರಬೇಡಿ ಅಂತ. ನನಗೆ 71 ವರ್ಷ. ಸಾಕು ಅಂದ ಕಮಿಟಿಯನ್ನು ಇನ್ನೂ ಕಂಡಿಲ್ಲ.

ಆಲೂಮಂಡಿ (ಬೆಳಿಗ್ಗೆ 6:30)
ಮೇಷ್ಟ್ರೇ, ಕೊನೆ ಸಾಲಿಗೆ ಕಾಫಿ ಮೂಗಿಗೆ ಹತ್ತಿತು.

ಸಾಕ್ಷಿ_ಚಿಕ್ಕಮಗಳೂರು (ಬೆಳಿಗ್ಗೆ 7:10)
ಮೇಷ್ಟ್ರಿಗೆ ಗೌರವದಿಂದಲೇ ಕೇಳುತ್ತೇನೆ. ಅಪೊಸ್ತಲ ಪೌಲ ಏನು ಮಾಡಿದ? ಗುಡಾರ ಹೊಲಿದು ತನ್ನ ಅನ್ನ ತಾನೇ ಸಂಪಾದಿಸಿದ, ಸಭೆಯಿಂದ ಒಂದು ಪೈಸೆ ಮುಟ್ಟಲಿಲ್ಲ. ನಮಗೆ ಮಾದರಿ ಅವನಲ್ವಾ?

ನಿವೃತ್ತ_ಮೇಷ್ಟ್ರು_ಬೇಲೂರು (ಬೆಳಿಗ್ಗೆ 7:25)
ಒಂದು ಪೈಸೆ ಮುಟ್ಟಲಿಲ್ಲ ಅನ್ನೋದು ಸರಿ ಇಲ್ಲ ಮಗೂ. ಕೊರಿಂಥದವರಿಂದ ಮುಟ್ಟಲಿಲ್ಲ. ಫಿಲಿಪ್ಪಿಯವರು ಕಳಿಸಿದ್ದನ್ನು ತಗೊಂಡ, ಅವನೇ ಬರೆದಿದ್ದಾನೆ, ಫಿಲಿಪ್ಪಿ 4. ಕೊರಿಂಥದಲ್ಲಿ ಅಕ್ವಿಲ ಪ್ರಿಸ್ಕಿಲ್ಲರ ಮನೆಯಲ್ಲಿ ಇದ್ದು ಗುಡಾರದ ಕೆಲಸ ಮಾಡಿದ, ಆ ಗುಡಾರ ಮಾರುತ್ತಿದ್ದರು, ಬಿಟ್ಟಿ ಹಂಚುತ್ತಿರಲಿಲ್ಲ. 1 ಕೊರಿಂಥ 9 ಪೂರ್ತಿ ಓದು. ನನಗೆ ಹಕ್ಕಿದೆ, ಹಕ್ಕಿದೆ ಅಂತ ಅರ್ಧ ಅಧ್ಯಾಯ ವಾದಿಸಿ, ಆಮೇಲೆ ನಾನಾಗೇ ಬಿಟ್ಟೆ ಅನ್ನುತ್ತಾನೆ. ಬಿಡುವುದು ಅವನ ಕೈಯಲ್ಲಿತ್ತು. ಕೊರಿಂಥದ ಕಮಿಟಿ ಬಂದು ಬಿಡಪ್ಪಾ ಅಂದಿರಲಿಲ್ಲ.

ತೋಟದ_ರೈಟರ್ (ಬೆಳಿಗ್ಗೆ 8:02)
ಇನ್ನೊಂದು ತಲಾಂತಿನ ವಿಷಯ. ಮತ್ತಾಯ 25. ಒಡೆಯ ಮೂವರು ಆಳುಗಳಿಗೆ ಐದು, ಎರಡು, ಒಂದು ತಲಾಂತು ಹಣ ಒಪ್ಪಿಸಿ ಹೋದ, ಒಂದು ಸಿಕ್ಕವನು ಅದನ್ನು ಹೂತಿಟ್ಟ, ಆ ಕಥೆ. ಪ್ರತಿಭೆಗೆ ಇಂಗ್ಲಿಷಿನಲ್ಲಿ ಟ್ಯಾಲೆಂಟ್ ಅನ್ನೋದು ಈ ಕಥೆಯಿಂದಲೇ ಬಂದದ್ದು. ನಮ್ಮಲ್ಲಿ ಏನಾಗಿದೆ ಅಂದ್ರೆ, ಒಂದು ತಲಾಂತಿನವನಿಗೆ ಪಾಪ ಚಿಲ್ಲರೆ ಸಿಕ್ಕಿತ್ತು, ಸಣ್ಣ ಪ್ರತಿಭೆ ಅಂದುಕೊಂಡಿದ್ದೇವೆ. ಒಂದು ತಲಾಂತು ಅಂದ್ರೆ ಸುಮಾರು 6000 ದಿನದ ಕೂಲಿ. ನಾನು ಮೂಡಿಗೆರೆ ಕಡೆ ತೋಟದಲ್ಲಿ ಚೆಕ್‌ರೋಲ್, ಅಂದ್ರೆ ಆಳುಗಳ ಹಾಜರಿ ಪುಸ್ತಕ, ಬರೆಯುವವನು, ಹಾಗೇ ಲೆಕ್ಕ ಹಾಕಿದೆ. ದಿನಕ್ಕೆ 450 ರೂ. ಅಂತ ಹಿಡಿದರೂ 27 ಲಕ್ಷ! ಗುಂಡಿ ತೋಡಿ 27 ಲಕ್ಷ ಹೂತಿಟ್ಟ ಪುಣ್ಯಾತ್ಮ.

ಸೂಜಿದಾರ ಅಕ್ಕ, ನಿಮ್ಮದು ಸಣ್ಣ ಕೆಲಸ ಅಂತ ಯಾರಾದ್ರೂ ಅಂದ್ರೆ ಈ ಲೆಕ್ಕ ಹೇಳಿ. ಇನ್ನೊಂದು, ಆ ಕಥೆಯಲ್ಲಿ ಉಳಿದ ಇಬ್ಬರೂ ವ್ಯಾಪಾರ ಮಾಡಿ ದುಡ್ಡು ದುಪ್ಪಟ್ಟು ಮಾಡಿದವರು. ಒಡೆಯ ಅವರನ್ನು ವ್ಯಾಪಾರಿಗಳು ಅಂತ ಬೈಯಲಿಲ್ಲ.

ಖಜಾಂಚಿ_ಪಾಪ (ಬೆಳಿಗ್ಗೆ 8:11)
ನಮ್ಮ ಸಭೆಗೆ ಒಂದೇ ಒಂದು ತಲಾಂತು ಕೊಡಿಸಿ ರೈಟರ್ ಅವರೇ, ಹೆಂಚು ಎಲ್ಲ ಬದಲಾಯಿಸಿಬಿಡ್ತೀನಿ.

ಆಲೂಮಂಡಿ (ಬೆಳಿಗ್ಗೆ 11:40)
ಬೆಳಗಿನ ಹರಾಜು ಮುಗೀತು, ಈಗ ನನ್ನ ಕಥೆ. ನಾನು ಎಪಿಎಂಸಿಯಲ್ಲಿ ದಲ್ಲಾಲಿ, ಆಲೂಗಡ್ಡೆ ಕಾಲದಲ್ಲಿ ದಿನಾ ಕೂಗಿ ಕೂಗಿ ಗಂಟಲು ಹರಿದುಹೋಗುತ್ತೆ. ಸಭೆಯಲ್ಲಿ ಎದ್ದು ಪ್ರಾರ್ಥನೆ ಮಾಡಿ ಅಂದ್ರೆ ನಾಲಿಗೆ ಅಂಟಿಕೊಳ್ಳುತ್ತೆ, ಹಾಡಿದರೆ ಪಕ್ಕದವರು ಜಾಗ ಬದಲಾಯಿಸುತ್ತಾರೆ. ಯಾವ ಕೆಲಸಕ್ಕೂ ಬಾರದವನು ಅಂತ ನಾನೇ ತೀರ್ಮಾನ ಮಾಡಿಕೊಂಡಿದ್ದೆ. ಒಂದು ವರ್ಷ ಚರ್ಚಿನ ಸುಗ್ಗಿ ಹಬ್ಬದಲ್ಲಿ ಪ್ರಥಮ ಫಲದ, ಅಂದ್ರೆ ಜನ ಕಾಣಿಕೆ ತಂದ ಬೆಳೆಯ, ಹರಾಜು, ಕೂಗಬೇಕಾದವರಿಗೆ ಜ್ವರ. ನನ್ನನ್ನು ನಿಲ್ಲಿಸಿದರು. ಮೊದಲ ಗಂಟು ಬಾಳೆಗೊನೆ. ಬಾಯಿ ತಾನಾಗೇ ಬಿಚ್ಚಿಕೊಂಡಿತು! ಯಾರ ಮನೆಯಲ್ಲಿ ಮಗು ಹುಟ್ಟಿದೆ, ಯಾರು ಹೊಸ ಬೈಕ್ ತಗೊಂಡಿದ್ದಾರೆ ಎಲ್ಲ ಎತ್ತಿ ಎತ್ತಿ ಕೂಗಿದೆ. ಒಂದು ಅಜ್ಜಿ ಆರು ಮೊಟ್ಟೆ ತಂದಿತ್ತು ಚೀಲದಲ್ಲಿ, ನಾಚಿಕೊಂಡು ಹಿಂದೆ ಇಟ್ಟಿತ್ತು. ಅದನ್ನು 1100 ರೂಪಾಯಿಗೆ ಮಾರಿದೆ. ಅಜ್ಜಿ ಮುಖ ನೋಡಬೇಕಿತ್ತು ನೀವು.

ಅವತ್ತು ನನಗೆ ಯಾರಾದ್ರೂ ಕಮಿಷನ್ ತಗೋ ಅಂದಿದ್ರೆ ಬೇಜಾರಾಗುತ್ತಿತ್ತು. ಆದ್ರೆ ಅದು ವರ್ಷಕ್ಕೆ ಅರ್ಧ ದಿನದ ಮಾತು. ಅಕ್ಕಂದು ಡಿಸೆಂಬರಿನ ಪೂರ್ತಿ ದುಡಿಮೆ. ಎರಡನ್ನೂ ಒಂದೇ ತಕ್ಕಡಿಗೆ ಹಾಕಬೇಡಿ.

ಕೊಪ್ಪದ_ಬಾಯಿ (ಮಧ್ಯಾಹ್ನ 12:15)
ಇದು ಸರಿಯಾದ ಮಾತು. ನಮ್ಮಲ್ಲಿ ಮೇ 1 ಕಾರ್ಮಿಕ ಸಂತ ಜೋಸೆಫರ ಹಬ್ಬ. ಪೋಪ್ 12ನೇ ಪಿಯುಸ್ 1955ರಲ್ಲಿ ಶುರು ಮಾಡಿಸಿದ್ದು. ಬಡಗಿ ಜೋಸೆಫ್ ನಜರೇತಿನಲ್ಲಿ ಯಾರ ಮನೆಯ ಬಾಗಿಲನ್ನೂ ಬಿಟ್ಟಿ ಮಾಡಿಕೊಟ್ಟಿರಲಿಕ್ಕಿಲ್ಲ, ಯೇಸುವಿಗೆ ಊಟ ಹಾಕಬೇಕಿತ್ತಲ್ಲ.

ಮಳೆಗಾಲದ_ಸವಾರ (ಮಧ್ಯಾಹ್ನ 1:02)
ಮಧ್ಯೆ ಬಂದಿದ್ದಕ್ಕೆ ಕ್ಷಮಿಸಿ. ಹಾಸನದವರು ಇದ್ದೀರಲ್ಲ, ಶೆಟ್ಟಿಹಳ್ಳಿ ಚರ್ಚ್ ಈಗ ನೀರಿನಲ್ಲಿ ಇದೆಯಾ? ಭಾನುವಾರ ಬೈಕ್‌ನಲ್ಲಿ ಬರೋಣ ಅಂತ.

ನಿರ್ವಾಹಕರು (ಮಧ್ಯಾಹ್ನ 1:10)
ಸವಾರರೇ, ಪ್ರವಾಸಕ್ಕೆ ಬೇರೆ ವಿಭಾಗ ಇದೆ.

ನಿವೃತ್ತ_ಮೇಷ್ಟ್ರು_ಬೇಲೂರು (ಮಧ್ಯಾಹ್ನ 1:30)
ಇರಲಿ ಬಿಡಿ, ಅವರು ಕೇಳಿದ್ದೂ ಒಳ್ಳೆಯದೇ ಆಯ್ತು. 1860ರ ದಶಕದಲ್ಲಿ ಫ್ರೆಂಚ್ ಮಿಷನರಿಗಳು ಕಟ್ಟಿಸಿದ್ದು ಅಂತ ಎಲ್ಲರೂ ಹೇಳುತ್ತಾರೆ. ಗಾರೆಗೆ ಬೆಲ್ಲ, ಮೊಟ್ಟೆ ಹಾಕಿದ್ದರಂತೆ ಅಂತಲೂ ಹೇಳುತ್ತಾರೆ. ಗೊರೂರಿನಲ್ಲಿ ಹೇಮಾವತಿಗೆ ಅಣೆಕಟ್ಟು ಬಂದ ಮೇಲೆ ಪ್ರತಿ ಮಳೆಗಾಲ ಮುಳುಗಿ, ಬೇಸಿಗೆಯಲ್ಲಿ ಎದ್ದು ನಿಲ್ಲುತ್ತೆ. ಅಷ್ಟು ವರ್ಷ ನೀರಲ್ಲಿ ನೆನೆದೂ ಕಮಾನುಗಳು ನಿಂತಿವೆ ಅಂದ್ರೆ ಅದು ಯಾರದೋ ಕೈಗುಣ. ಕಟ್ಟಿಸಿದವರನ್ನು ಎಲ್ಲರೂ ನೆನೆಯುತ್ತಾರೆ, ಗಾರೆ ಕಲಸಿದವನನ್ನು ಯಾರು ನೆನೆಯುತ್ತಾರೆ?

ನಮ್ಮ ಬೇಲೂರಲ್ಲಿ ನೋಡಿ, 1117ರ ದೇವಸ್ಥಾನ. ಶಿಲ್ಪಿಗಳು ವಿಗ್ರಹದ ಕೆಳಗೆ ಹೆಸರು ಕೆತ್ತಿದ್ದಾರೆ. ಬಳ್ಳಿಗಾವಿಯ ದಾಸೋಜ, ಅವನ ಮಗ ಚಾವಣ. ಶಾಲೆ ಮಕ್ಕಳನ್ನು ಕರೆದುಕೊಂಡು ಹೋದಾಗಲೆಲ್ಲ ಆ ಅಕ್ಷರ ತೋರಿಸುತ್ತಿದ್ದೆ. ಹೆಸರು ಬರೆದುಕೊಂಡ ಮಾತ್ರಕ್ಕೆ ಅವರ ಭಕ್ತಿ ಕಡಿಮೆಯಾಯಿತು ಅಂತ ಯಾರಾದ್ರೂ ಅಂತಾರಾ? ಸಾಕ್ಷಿಯವರೇ, ಎಡಗೈ ಬಲಗೈ ವಚನ ಕೊಡುವವನಿಗೆ ಹೇಳಿದ್ದು. ತಗೊಂಡವರು ಮರೆಯಬಹುದು ಅಂತ ಎಲ್ಲೂ ಬರೆದಿಲ್ಲ.

ಸಾಕ್ಷಿ_ಚಿಕ್ಕಮಗಳೂರು (ಮಧ್ಯಾಹ್ನ 2:15)
ಆ ಕೊನೆ ಮಾತು ಒಪ್ಪಿದೆ ಮೇಷ್ಟ್ರೇ. ನಾನು ನಮ್ಮಲ್ಲಿ ಕೀಬೋರ್ಡ್ ನುಡಿಸುತ್ತೇನೆ, ಹತ್ತು ವರ್ಷದಿಂದ ಬಿಟ್ಟಿ. ಆದ್ರೆ ಪ್ರತಿ ವಾರ ಯಾರಾದ್ರೂ ಬಂದು ಚೆನ್ನಾಗಿತ್ತು ಅಂತಾರೆ, ಅದೂ ನಿಜ. ನನಗೆ ಕೂಲಿ ಹಾಗೆ ಸಿಗುತ್ತಿದೆ ಅನ್ನಿಸುತ್ತೆ ಈಗ. ಸಹೋದರಿಗೆ ನಾನು ಸ್ವಲ್ಪ ಜೋರಾಗಿ ಹೇಳಿದೆ.

ಮರಗೆಲಸ_ಸಕಲೇಶಪುರ (ಸಂಜೆ 4:40)
ಎಲ್ಲ ಓದಿದೆ. ನಾನು ಬಡಗಿ. ಮಂಚ, ಕಿಟಕಿ, ಬಾಗಿಲು. ಅದರ ಜೊತೆ ಶವಪೆಟ್ಟಿಗೆ. ಈ ಕಡೆ ಕ್ರೈಸ್ತರ ಮನೆಯಲ್ಲಿ ಯಾರಾದ್ರೂ ತೀರಿಕೊಂಡ್ರೆ ಫೋನ್ ನನಗೇ ಬರುತ್ತೆ.

ನಿಮಗೆಲ್ಲ ಒಂದು ಅನುಕೂಲ ಇದೆ. ಹಾಡುವವರಿಗೆ ಹೊಲಿಯುವವರಿಗೆ "ನಿಮ್ಮ ವರವನ್ನು ದೇವರಿಗೆ ಕೊಡಿ" ಅಂತಾರೆ. ನನ್ನನ್ನು ಇವತ್ತಿನವರೆಗೂ ಯಾರೂ ಹಾಗೆ ಕೇಳಿಲ್ಲ. ಭಾನುವಾರ ನಾನು ಕೈ ಕುಲುಕಿದರೆ ಕೆಲವರಿಗೆ ಕಸಿವಿಸಿ, ಅಳತೆ ತಗೊಳ್ತಿದ್ದಾನೇನೋ ಅನ್ನೋ ಹಾಗೆ. ತಮಾಷೆ ಅಲ್ಲ, ಕಣ್ಣು ತಾನಾಗೇ ಅಳತೆ ತಗೊಳ್ಳುತ್ತೆ, ಏನು ಮಾಡಲಿ. ನಮ್ಮ ಆಲೂಮಂಡಿ ಅಣ್ಣನನ್ನು ಒಂದು ಸಲ ಸುಗ್ಗಿ ಹಬ್ಬದಲ್ಲಿ ನೋಡಿದ್ದೇನೆ, ಐದು ಅಡಿ ಎಂಟು ಇಂಚು.

ರಾತ್ರಿ ಹನ್ನೊಂದಕ್ಕೆ ಫೋನ್ ಬರುತ್ತೆ. ಎಷ್ಟು ಉದ್ದ ಇದ್ದರು ಅಂತ ಕೇಳಬೇಕು, ಅತ್ತ ಕಡೆಯವರು ಅಳುತ್ತಿರುತ್ತಾರೆ. ಈಗ ಕೇಳುವ ಕ್ರಮ ಬದಲಾಯಿಸಿದ್ದೇನೆ. "ನಿಮ್ಮ ಮನೆ ಬಾಗಿಲು ದಾಟುವಾಗ ಅವರು ತಲೆ ಬಗ್ಗಿಸುತ್ತಿದ್ದರಾ" ಅಂತ ಕೇಳುತ್ತೇನೆ. ಅದಕ್ಕೆ ಉತ್ತರ ಹೇಳುವಾಗ ಅಳು ಸ್ವಲ್ಪ ನಿಲ್ಲುತ್ತೆ, ಅವರು ಓಡಾಡಿದ್ದು ನೆನಪಾಗುತ್ತೆ. ಆಮೇಲೆ ಸಿಲ್ವರ್ ಓಕ್ ಹಲಗೆ ಉಜ್ಜೋಕೆ ಶುರು. ಬೆಳಿಗ್ಗೆ ಆರಕ್ಕೆ ಪೆಟ್ಟಿಗೆ ರೆಡಿ. ಇದ್ದವರ ಹತ್ತಿರ ಪೂರ್ತಿ ತಗೊಳ್ತೇನೆ, ನಾಚಿಕೆ ಇಲ್ಲ. ಕೂಲಿಯವರಾದ್ರೆ ಮರದ ದುಡ್ಡು ಮಾತ್ರ. ಚಿಕ್ಕ ಪೆಟ್ಟಿಗೆ ಆದ್ರೆ ಯಾರ ಹತ್ತಿರವೂ ಏನೂ ತಗೊಳ್ಳಲ್ಲ. ಈ ಕ್ರಮ ಯಾರೂ ಹೇಳಿಕೊಟ್ಟಿದ್ದಲ್ಲ, ನಾನೇ ಮಾಡಿಕೊಂಡದ್ದು. ಅಕ್ಕ, ನೀವೂ ಒಂದು ಕ್ರಮ ಮಾಡಿಕೊಳ್ಳಿ. ಎಲ್ಲಿ ತಗೊಳ್ತೀನಿ, ಎಲ್ಲಿ ತಗೊಳ್ಳಲ್ಲ ಅಂತ. ಆಮೇಲೆ ಯಾರು ಏನು ವಚನ ಹೇಳಿದ್ರೂ ತಲೆ ಕೆಡಲ್ಲ.

ನನಗೆ ಬಾರದೆ ಇರೋದು ಒಂದೇ, ಒಳಗೆ ಬಟ್ಟೆ ಹೊಡೆಯೋದು. ಸ್ಟೇಪ್ಲರ್ ಹೊಡೆದು ಹೊಡೆದು ಸುಕ್ಕು ಸುಕ್ಕಾಗುತ್ತೆ. ನೋಡೋಕೆ ಸಂಕಟ.

ನೈಟ್‌ಡ್ಯೂಟಿ (ಸಂಜೆ 5:05)
ಚಿಕ್ಕ ಪೆಟ್ಟಿಗೆ ಅಂದ್ರಲ್ಲ ಅಣ್ಣ. ಅಲ್ಲಿಗೆ ನಿಲ್ಲಿಸಿದೆ ಓದೋದನ್ನು, ಆಮೇಲೆ ಮತ್ತೆ ಶುರು ಮಾಡಿದೆ.

ಆಲೂಮಂಡಿ (ಸಂಜೆ 5:20)
ಐದು ಅಡಿ ಒಂಬತ್ತು ಇಂಚು ಕಣಪ್ಪಾ! ಸರಿಯಾಗಿ ಬರೆದುಕೋ.

ಸೂಜಿದಾರ_ಹಾಸನ (ರಾತ್ರಿ 9:55)
ಎಲ್ಲರಿಗೂ ಉತ್ತರ ಬರೆಯೋಕೆ ಆಗಲ್ಲ, ಕ್ಷಮಿಸಿ. ಸಂಜೆ ಅಂಗಡಿ ಮುಚ್ಚಿ ಕಾರ್ಯದರ್ಶಿಯವರ ಮನೆಗೇ ಹೋದೆ. ಮರಗೆಲಸದಣ್ಣ ಹೇಳಿದ ಹಾಗೆ ಕ್ರಮ ಹೇಳಿಬಿಟ್ಟೆ. ನಿಲುವಂಗಿಗೆ ಒಂದಕ್ಕೆ 200 ರೂಪಾಯಿ, ಹೊರಗಡೆ ಆದ್ರೆ ಇದರ ದುಪ್ಪಟ್ಟು. ಗುಂಡಿ, ಕಾಜಾ ಗಾಯನ ತಂಡದವರೇ ಬಂದು ಕೂತು ಹಾಕಿಕೊಳ್ಳಬೇಕು, ನಾನು ಹೇಳಿಕೊಡುತ್ತೇನೆ. ಮಕ್ಕಳ ನಾಟಕದ ಬಟ್ಟೆ ಹೋದ ವರ್ಷದ ಹಾಗೇ, ಅದಕ್ಕೆ ಒಂದು ಪೈಸೆ ಬೇಡ. ಅವರು ಮುಖ ಸ್ವಲ್ಪ ಸಣ್ಣದು ಮಾಡಿಕೊಂಡರು. 150 ಮಾಡಿ ಅಂದರು. ಮಾಡಲ್ಲ ಅಂದೆ! ನನಗೇ ಆಶ್ಚರ್ಯ. ಅವರ ಹೆಂಡತಿ ಒಳಗಿಂದ "200 ಸರಿಯಾಗೇ ಇದೆ ಕಣ್ರೀ" ಅಂದರು, ಅಲ್ಲಿಗೆ ಮುಗೀತು.

ಹಣ ಬರುತ್ತೋ ಇಲ್ವೋ ಜನವರಿಯಲ್ಲಿ ನೋಡೋಣ.

ಮರಗೆಲಸದಣ್ಣ, ಸ್ಟೇಪ್ಲರ್ ಹೊಡೆಯುವ ಮುಂಚೆ ಬಟ್ಟೆಗೆ ಅಂಚು ಮಡಿಚಿ ಎಲಾಸ್ಟಿಕ್ ಹಾಕಬೇಕು, ಆಗ ಸುಕ್ಕು ಒಂದೇ ಸಮ ಬರುತ್ತೆ, ಚೆನ್ನಾಗೂ ಕಾಣುತ್ತೆ. ನನ್ನ ಹತ್ತಿರ ಹೋದ ವರ್ಷದ ಬಿಳಿ ಸ್ಯಾಟಿನ್ ತುಂಡುಗಳು, ಲೇಸು ಒಂದು ಚೀಲ ಹಾಗೇ ಬಿದ್ದಿದೆ. ದೊಡ್ಡದಕ್ಕೆ ಸಾಲಲ್ಲ. ಚಿಕ್ಕದಕ್ಕೆ ಆಗುತ್ತೆ. ಹೊಲಿದೇ ಇಡುತ್ತೇನೆ, ಉದ್ದ ಅಗಲ ಹೇಳಿ.

ಮರಗೆಲಸ_ಸಕಲೇಶಪುರ (ರಾತ್ರಿ 10:08)
ಉದ್ದ ಎರಡೂವರೆ ಅಡಿ, ಅಗಲ ಹದಿನಾಲ್ಕು ಇಂಚು, ಆಳ ಹತ್ತು. ಎರಡು ಸಾಕು ಅಕ್ಕ. ಅದಕ್ಕಿಂತ ಜಾಸ್ತಿ ಬೇಡ.

ಸೂಜಿದಾರ_ಹಾಸನ (ರಾತ್ರಿ 10:11)
ಸರಿ. ಶನಿವಾರ ಸಕಲೇಶಪುರದ ಬಸ್ಸಿಗೆ ಹಾಕುತ್ತೇನೆ. ಲಗೇಜ್ ಚಾರ್ಜು ನಿಮ್ಮದು.